ಮಳೆ ಇಲ್ಲದ ರಾತ್ರಿ ತೊಯ್ದ ಡೇರೆಗಳು

ಏಳೆಂಟು ವರ್ಷದ ಹಿಂದಿನ ಮಾತು. ಆಗ ನಾನು ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ತಾಡಪತ್ರಿ ಹೊಲಿಯುವ ಅಂಗಡಿ ನಡೆಸುತ್ತಿದ್ದೆ. ಲಾರಿಗಳ ಹೊದಿಕೆ, ಬಾಜಾರದಲ್ಲಿ ಕೂತು ಮಾರುವವರ ನೆರಳು, ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡುಗಳ ಪಡದೆ, ಇವೇ ನನ್ನ ಕೆಲಸ. ವಯಸ್ಸು ಐವತ್ತೆಂಟು, ಅದರಲ್ಲಿ ನಲವತ್ತು ವರ್ಷ ಸೂಜಿ ಹಿಡಿದೇ ಕಳೆದಿದ್ದೆ. ಅಂಗಿ ಹೊಲಿಯುವ ದರ್ಜಿಗಳು ನಮ್ಮನ್ನು ಅರ್ಧ ದರ್ಜಿ ಎಂದು ನಗುತ್ತಿದ್ದರು. ನಗಲಿ. ಅವರ ಅಂಗಿ ಹೊತ್ತ ಲಾರಿ ಸೋಲಾಪುರಕ್ಕೆ ಒಣಗಿದ್ದಂತೆಯೇ ತಲುಪುತ್ತಿದ್ದುದು ನನ್ನ ಹೊಲಿಗೆಯಿಂದ.

ಈಗ ಅಂಗಡಿ ಬಿಟ್ಟು ಎರಡು ವರ್ಷ. ಕಣ್ಣು ಮಂಜಾಗಿದೆ. ಮಧ್ಯಾಹ್ನ ಒರಗಿಕೊಂಡರೆ ಆ ಓಣಿಯೇ ನೆನಪಾಗುತ್ತದೆ. ಕೈಗಾಡಿಯವರ ಕೂಗಾಟ, ಎದುರಿನ ಚಹಾದಂಗಡಿಯ ಸ್ಟೋವಿನ ಸದ್ದು, ಮೇಣದ ವಾಸನೆ. ನಮ್ಮ ತಂದೆ, ಅಬ್ಬಾ, ಕೂರುತ್ತಿದ್ದ ಜಾಗದಲ್ಲೇ ನಾನೂ ಕೂರುತ್ತಿದ್ದೆ, ಅವರ ಕಾಲು ತಿಕ್ಕಿ ನುಣುಪಾದ ಪೆಡಲನ್ನೇ ತುಳಿಯುತ್ತಿದ್ದೆ. ಆ ದಿನಗಳು ಬೇಕು ಅನ್ನಿಸುತ್ತದೆ, ಸುಳ್ಳು ಯಾಕೆ ಹೇಳಲಿ.

ಅಬ್ಬಾ ಕಲಿಸಿದ ಒಂದು ಪರೀಕ್ಷೆ ನಮ್ಮ ಅಂಗಡಿಯಲ್ಲಿತ್ತು. ಹೊಲಿದು ಮುಗಿದ ತಾಡಪತ್ರಿಯ ನಾಲ್ಕೂ ಮೂಲೆಗೆ ಹಗ್ಗ ಕಟ್ಟಿ ಜೋಳಿಗೆಯಂತೆ ತೂಗುಹಾಕಿ, ಅದರೊಳಗೆ ನಾಲ್ಕು ಕೊಡ ನೀರು ಸುರಿಯುವುದು. ಕೆಳಗೆ ಒಣ ಮಣ್ಣು ಹರಡುವುದು. ಬೆಳಿಗ್ಗೆ ಆ ಮಣ್ಣಿನ ಮೇಲೆ ಒಂದು ಹನಿಯ ಗುರುತು ಕಂಡರೂ ಪೂರ್ತಿ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬೇಕು. ಚಿಕ್ಕವನಿದ್ದಾಗ ಎಷ್ಟು ಸಲ ಅಳುತ್ತಾ ಬಿಚ್ಚಿದ್ದೇನೋ ಲೆಕ್ಕವಿಲ್ಲ. ಹೀಗಾಗಿ ನೀರು ಎಂದರೆ ನನಗೆ ಒಂದೇ ಅರ್ಥ, ಹೊರಗಿನಿಂದ ಒಳಗೆ ಬರಲು ನೋಡುವ ಶತ್ರು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಶೈಲಾ ಟೀಚರ್ ಅಂಗಡಿಗೆ ಬಂದರು. ತೊರವಿ ಕಡೆಯ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಆಟ ಕಲಿಸುವವರು, ಮೂವತ್ತರ ಆಸುಪಾಸು, ಮಾತು ಕಡಿಮೆ, ಹಟ ಜಾಸ್ತಿ. ಒಂಬತ್ತನೆಯ ತರಗತಿಯ ಹುಡುಗಿಯರನ್ನು ಬಬಲೇಶ್ವರದ ಆಚೆ, ಕಾಖಂಡಕಿ ದಾರಿಯ ಒಂದು ಹೊಲಕ್ಕೆ ಎರಡು ರಾತ್ರಿ ಕ್ಯಾಂಪಿಂಗಿಗೆ ಒಯ್ಯಬೇಕೆಂದು ಮೂರು ವರ್ಷದಿಂದ ಓಡಾಡುತ್ತಿದ್ದರಂತೆ. ಹುಡುಗರ ಶಾಲೆಯವರು ಹೋಗಿ ಬರುತ್ತಾರೆ, ನಮ್ಮ ಹುಡುಗಿಯರು ಮಾತ್ರ ಚಿತ್ರದಲ್ಲಿ ಡೇರೆ ನೋಡಬೇಕೇ ಎಂಬುದು ಅವರ ಸಿಟ್ಟು. ಪೇಟೆಯಲ್ಲಿ ಸಿಗುವ ಡೇರೆಗಳು ತೀರ ತೆಳು, ನಮ್ಮ ಬಯಲು ಗಾಳಿಗೆ ತಡೆಯುವುದಿಲ್ಲ, ಆರು ಡೇರೆ ಹೊಲಿದುಕೊಡಿ ಎಂದರು. ಒಂದೊಂದರಲ್ಲಿ ಐದು ಹುಡುಗಿಯರು. ಉದ್ದ ಎಂಟು ಅಡಿ, ಅಗಲ ಎಂಟು ಅಡಿ, ನಡು ಎತ್ತರ ಆರು ಅಡಿ.

ನಾನು ಅದುವರೆಗೆ ಒಂದು ರಾತ್ರಿಯೂ ಡೇರೆಯಲ್ಲಿ ಮಲಗಿದವನಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ! ಲಾರಿಯನ್ನೇ ಮುಚ್ಚಿದವನಿಗೆ ಐದು ಹುಡುಗಿಯರನ್ನು ಮುಚ್ಚುವುದು ಯಾವ ಲೆಕ್ಕ ಎಂದುಬಿಟ್ಟೆ.

ನಾಲ್ಕು ದಿನದ ನಂತರ ಟೀಚರ್ ಒಬ್ಬ ಅಜ್ಜಿಯನ್ನು ಕರೆತಂದರು. ನೀಲವ್ವ, ತೊರವಿಯವರು. ಅವರ ಮೊಮ್ಮಗಳು ಭಾಗ್ಯಳಿಗೆ ದಮ್ಮಿನ ತೊಂದರೆ, ಥಂಡಿ ಹತ್ತಿದರೆ ಉಸಿರಾಟ ಕಷ್ಟವಾಗುತ್ತಿತ್ತು. ಚಿಕ್ಕಂದಿನಲ್ಲಿ ಎರಡು ಸಲ ದವಾಖಾನೆ ಸೇರಿದ್ದಳಂತೆ. ತೊರವಿಯ ಉಳಿದ ಮನೆಗಳವರೆಲ್ಲ ನೀಲವ್ವ ಏನು ಮಾಡುತ್ತಾರೆ ಎಂದು ಕಾದು ಕೂತಿದ್ದರು. ಅವರು ಭಾಗ್ಯಳನ್ನು ಕಳಿಸಿದರೆ ಎಲ್ಲರೂ ಕಳಿಸುತ್ತಾರೆ, ಇಲ್ಲವಾದರೆ ಒಬ್ಬಳೂ ಹೊಸ್ತಿಲು ದಾಟುವುದಿಲ್ಲ. ಅಜ್ಜಿ ತಾಡಪತ್ರಿಯನ್ನು ಹಿಂದೆ ಮುಂದೆ ಮುಟ್ಟಿ ನೋಡಿ ನನ್ನನ್ನೇ ಕೇಳಿದರು, "ನಮ್ಮ ಹುಡುಗಿ ತೊಯ್ಯಂಗಿಲ್ಲ ಅಂತ ಮಾತ ಕೊಡ್ತೀರೇನ್ರಿ ಸಾಹೇಬ್ರ?"

"ಒಂದ ಹನಿ ಒಳಗ ಬಂದ್ರ ನನ್ನ ಕತ್ರಿ ನಿಮ್ಮ ಕೈಯಾಗ ಕೊಡ್ತೀನ್ರಿ ಯವ್ವಾ" ಎಂದೆ.

ಹದಿನೈದು ದಿನ ಮನಸ್ಸಿಟ್ಟು ಹೊಲಿದೆ. ಪ್ಲಾಸ್ಟಿಕ್ ಲೇಪದ ಗಟ್ಟಿ ತಾಡಪತ್ರಿ, ಜೋಡು ಹೊಲಿಗೆ, ಹೊಲಿಗೆಯ ಮೇಲೆ ಬಿಸಿ ಮೇಣ. ಬಾಗಿಲಿಗೆ ದಪ್ಪ ಜಿಪ್ ಚೈನು, ಅದರ ಮೇಲೊಂದು ಮಡಿಕೆ. ನೆಲದ ಹಾಸನ್ನೂ ಗೋಡೆಗೇ ಕೂಡಿಸಿ ಹೊಲಿದೆ, ಇರುವೆ ಕೂಡ ನುಗ್ಗದಂತೆ. ಅಬ್ಬಾರ ನೀರಿನ ಪರೀಕ್ಷೆಯನ್ನು ಓಣಿಯ ನಡುವೆಯೇ ಮಾಡಿದೆ. ಚಹಾ ಕುಡಿಯಲು ಬಂದವರೆಲ್ಲ ಸುತ್ತ ನಿಂತು ನೋಡಿದರು. ಆರಕ್ಕೆ ಆರೂ ಪಾಸು. ನನಗಂತೂ ನೆಲದ ಮೇಲೆ ಕಾಲೇ ಇರಲಿಲ್ಲ.

ಟೀಚರ್ ಜಾಣೆ. ಹೊಸಬರು ಯಾವತ್ತೂ ನೇರ ದೂರದ ಜಾಗಕ್ಕೆ ಹೋಗಬಾರದು, ಮೊದಲು ಮನೆಯ ಹತ್ತಿರ ಒಂದು ರಾತ್ರಿ ತಾಲೀಮು ಮಾಡಬೇಕು ಎಂದು ಶಾಲೆಯ ಮೈದಾನದಲ್ಲೇ ಡೇರೆ ಹಾಕಿಸಿದರು. ಡಿಸೆಂಬರ್ ಮೊದಲ ವಾರದ ಒಂದು ಸಂಜೆ. ಹಗ್ಗ ಎಳೆದು ಬಿಗಿ ಮಾಡಿಕೊಡಲು ನಾನೂ ಹೋಗಿದ್ದೆ. ಗೂಟವನ್ನು ನೆಟ್ಟಗೆ ಬಡಿಯಬಾರದು, ತಲೆ ಡೇರೆಯಿಂದ ಆಚೆಗೆ ಬಾಗಿರಬೇಕು, ಆಗಲೇ ಗಾಳಿ ಎಳೆದರೂ ಕೀಳುವುದಿಲ್ಲ. ಲಾರಿಯ ಹಗ್ಗ ಕಟ್ಟಿದ ಅನುಭವದಿಂದ ಇದನ್ನೆಲ್ಲ ದೊಡ್ಡ ಉಸ್ತಾದನಂತೆ ಹೇಳಿಕೊಟ್ಟೆ.

ಹುಡುಗಿಯರ ಚೀಲಗಳನ್ನು ನೋಡಿದರೆ ನಗು ಬಂತು. ಟೀಚರ್ ಕೊಟ್ಟ ಪಟ್ಟಿಯಲ್ಲಿದ್ದುದು ಬ್ಯಾಟರಿ, ಸೀಟಿ, ನೀರಿನ ಬಾಟಲಿ, ಒಂದು ಜೊತೆ ಒಣ ಬಟ್ಟೆ, ಕಿವಿ ಮುಚ್ಚುವ ಟೋಪಿ, ಗಾಯಕ್ಕೆ ಪಟ್ಟಿ. ತಾಯಂದಿರು ಕಳಿಸಿದ್ದು ಇಪ್ಪತ್ತು ಇಪ್ಪತ್ತು ಕಡಕ್ ರೊಟ್ಟಿ, ಡಬ್ಬಿಗಟ್ಟಲೆ ಶೇಂಗಾ ಚಟ್ನಿ, ಒಬ್ಬಳ ಚೀಲದಲ್ಲಂತೂ ಲೋಟ ಸಮೇತ ತಾಮ್ರದ ತಂಬಿಗೆ. ಮನೆ ಅಲ್ಲೇ ಮೈದಾನದ ಆಚೆ ಕಾಣುತ್ತಿತ್ತು! ಹಾಸಲು ಹೊದೆಯಲು ಕೌದಿ. ಅದು ಮಾತ್ರ ಸರಿಯಿತ್ತು. ಡೇರೆಯಲ್ಲಿ ಚಳಿ ಮೇಲಿನಿಂದ ಬರುವುದಕ್ಕಿಂತ ನೆಲದಿಂದ ಏರುವುದೇ ಹೆಚ್ಚು, ಹೊದೆಯುವುದಕ್ಕಿಂತ ಹಾಸುವುದು ದಪ್ಪ ಇರಬೇಕು. ಚೈನುಗಳನ್ನು ಕೊನೆಯವರೆಗೆ ಎಳೆದುಕೊಳ್ಳಲು ಹೇಳಿ, ನೆಮ್ಮದಿಯಿಂದ ಆಟೋ ಹಿಡಿದು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಆಟೋ ಬಂದು ನಿಂತಿತು. ಟೀಚರ್ ಇಳಿದರು, ಅವರ ಹಿಂದೆ ನೀಲವ್ವ. ಅಜ್ಜಿ ಕೈಯಲ್ಲಿದ್ದ ಕೌದಿಯನ್ನು ನನ್ನ ಕತ್ತರಿಸುವ ಮೇಜಿನ ಮೇಲೆ ಹಾಕಿದರು. ಮುಟ್ಟಿದೆ. ಮೇಲ್ಪದರ ಪೂರ್ತಿ ಹಸಿ. ಆರೂ ಡೇರೆಗಳ ಒಳಮೈಯಿಂದ ನೀರು ಇಳಿಯುತ್ತಿದೆ ಎಂದು ಟೀಚರ್ ಸಣ್ಣ ದನಿಯಲ್ಲಿ ಹೇಳಿದರು. ನಸುಕಿಗೆ ಭಾಗ್ಯಳಿಗೆ ಕೆಮ್ಮು ಶುರುವಾಗಿ, ಮನೆಗೆ ಕರೆದೊಯ್ದು ಔಷಧದ ಪಂಪು ಕೊಟ್ಟ ಮೇಲೆ ಉಸಿರು ಸರಿಹೋಯಿತಂತೆ.

ನಾನು ಏನು ಮಾಡಬೇಕಿತ್ತು? ಹುಡುಗಿ ಹೇಗಿದ್ದಾಳೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಹುಡುಗಿಯರು ತಂಬಿಗೆ ಉರುಳಿಸಿರಬೇಕು, ಆಟವಾಡುತ್ತಾ ನೀರು ಎರಚಿರಬೇಕು ಎಂದೆ. ನನ್ನ ಹೊಲಿಗೆ ಸೋರಲು ಸಾಧ್ಯವೇ ಇಲ್ಲ ಎಂದು ದನಿ ಏರಿಸಿದೆ. ಅಷ್ಟಕ್ಕೇ ನಿಲ್ಲದೆ ಅವರದೇ ಆಟೋದಲ್ಲಿ ತೊರವಿಗೆ ಹೋಗಿ, ಒಂದು ಡೇರೆಯ ಒಳಮೈ ಒರೆಸಿ, ಮೇಲೆ ನಾಲ್ಕು ಕೊಡ ನೀರು ಸುರಿಸಿದೆ. ಒಳಗೆ ಒಂದು ಹನಿ ಇಲ್ಲ. ಗೆದ್ದವನಂತೆ ಅಜ್ಜಿಯ ಕಡೆ ತಿರುಗಿದೆ.

ನೀಲವ್ವ ಆಕಾಶ ತೋರಿಸಿದರು. "ರಾತ್ರಿ ಮಳಿ ಎಲ್ಲಿ ಆಗೇತ್ರಿ? ಹೊರಗಿಂದ ನೀರ ಬಂದೇ ಇಲ್ಲ. ಅದನ್ನ ಯಾಕ ಪರೀಕ್ಷಾ ಮಾಡಾಕತ್ತೀರಿ?"

ನಿಜ, ಹಿಂದಿನ ರಾತ್ರಿ ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಹುಡುಗಿಯರು ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಭಾಗ್ಯ ಎಲ್ಲರ ಹಿಂದೆ, ಶಾಲು ಹೊದ್ದು, ತಾನೇ ಏನೋ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದ್ದಳು. ಕಾಖಂಡಕಿಗೆ ಹೋಗುವುದು ಇಲ್ಲಿಗೆ ಮುಗಿಯಿತು ಎಂದು ಅಜ್ಜಿ ಹೇಳಿದರು. ಮೂರು ವರ್ಷದ ಓಡಾಟ ಟೀಚರ್ ಮುಖದ ಮೇಲೆ ಕಾಣುತ್ತಿತ್ತು. ಒಂದು ವಾರ ಸಮಯ ಕೊಡಿ ಎಂದು ಬೇಡಿಕೊಂಡು, ಒಂದು ಡೇರೆ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಬಂದೆ.

ಅದನ್ನು ನಮ್ಮ ಮನೆಯ ಮಾಳಿಗೆಯ ಮೇಲೆ ಕಟ್ಟಿ, ಆ ರಾತ್ರಿ ಅದರಲ್ಲೇ ಮಲಗಿದೆ. ನನ್ನ ಹೆಂಡತಿ ಜೈನಾಬಿ ಮದುವೆಯಾದ ಹೊಸದರಲ್ಲೂ ಇಷ್ಟು ನಕ್ಕಿರಲಿಲ್ಲ. ನಾನೂ ಬರುತ್ತೇನೆ ಎಂದು ಜೊತೆಗೆ ಮಲಗಿದಳು. ಅರ್ಧ ತಾಸಿಗೆ ಉಸಿರು ಕಟ್ಟುತ್ತದೆ, ನಿನ್ನ ಈ ಪೆಟ್ಟಿಗೆಯಲ್ಲಿ ನೀನೇ ಇರು ಎಂದು ದಖ್ಖನಿ ಉರ್ದುವಿನಲ್ಲಿ ಬೈದು, ಚಾದರ ಎಳೆದುಕೊಂಡು ಹೊರಗೆ ಹೋದಳು. ನಾನು ಹಟಕ್ಕೆ ಬಿದ್ದು ಚೈನು ಪೂರ್ತಿ ಎಳೆದುಕೊಂಡೆ. ಬೆಳಗಿನ ಅಜಾನ್ ಕೇಳಿ ಎದ್ದಾಗ ಹಣೆಯ ಮೇಲೆ ಟಪ್ ಎಂದು ಹನಿ ಬಿತ್ತು. ಒಳಮೈ ಸವರಿದರೆ ಅಂಗೈ ತುಂಬ ನೀರು. ಹೊರಗೆ ಜೈನಾಬಿಯ ಚಾದರ ಮುಟ್ಟಿ ನೋಡಿದೆ, ಒಣಗಿತ್ತು. ಹುಡುಗಿಯರ ತಂಬಿಗೆಯ ಮೇಲೆ ತಪ್ಪು ಹೊರಿಸಿದ್ದು ನೆನಪಾಗಿ ನಾಚಿಕೆಯಾಯಿತು. ಆದರೂ ನೀರು ಬಂದದ್ದು ಎಲ್ಲಿಂದ ಎಂಬುದು ಹೊಳೆಯಲಿಲ್ಲ.

ಮರುದಿನ ತಿಕೋಟಾದಲ್ಲಿ ಮೊದಲೇ ಒಪ್ಪಿಕೊಂಡ ಕೆಲಸವಿತ್ತು. ಹಳೆಯ ಗಿರಾಕಿ ಮಲ್ಲನಗೌಡರ ಒಣದ್ರಾಕ್ಷಿ ಶೆಡ್ಡಿಗೆ ಹೊಸ ಪಡದೆಯ ಅಳತೆ. ಶೆಡ್ ಎಂದರೆ ಮೇಲೆ ಛಾವಣಿ, ಒಳಗೆ ಅಂತಸ್ತು ಅಂತಸ್ತಾಗಿ ಬಲೆಯ ಅಟ್ಟ, ಅದರ ಮೇಲೆ ಹಸಿ ದ್ರಾಕ್ಷಿ ಹರಡಿ ನೆರಳಲ್ಲಿ ಒಣಗಿಸುತ್ತಾರೆ. ಅಕಾಲ ಮಳೆ ಬಂದರೆ ಬದಿಗಳಿಗೆ ಪಡದೆ ಇಳಿಬಿಡುತ್ತಾರೆ. ಮನಸ್ಸು ಎಲ್ಲೋ ಇತ್ತು, ಟೇಪು ಹಿಡಿದು ಛಾವಣಿಯ ಅಂಚಿನಿಂದ ನೆಲದವರೆಗೆ ಪೂರ್ತಿ ಅಳೆದು ಬರೆದುಕೊಂಡೆ.

ಗೌಡರು ತಡೆದರು. "ಏನ್ ಸಾಹೇಬ್ರ, ಇಷ್ಟ ವರ್ಷ ಆತು, ಮರತೀರೇನು? ಮ್ಯಾಲ ಒಂದ ಮೊಳ ಬಿಡ್ರಿ. ಪೂರಾ ಮುಚ್ಚಿದ್ರ ಹಣ್ಣ ಬೆವರತಾವ."

ನಾನು ಅಲ್ಲೇ ಒಂದು ಕ್ರೇಟಿನ ಮೇಲೆ ಕೂತುಬಿಟ್ಟೆ. ಇಪ್ಪತ್ತು ವರ್ಷದಿಂದ ಆ ಒಂದು ಮೊಳ ಬಿಟ್ಟುಕೊಂಡೇ ಬಂದಿದ್ದೆ. ಯಾಕೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ, ಗಿರಾಕಿ ಹೇಳಿದ, ಬಿಟ್ಟೆ. ಹಣ್ಣಿನಿಂದ ಹೊರಟ ಹಸಿ ಗಾಳಿ ಹೊರಗೆ ಹೋಗಲು ದಾರಿ ಬೇಕು. ಮನುಷ್ಯರ ಉಸಿರಿನಲ್ಲೂ ನೀರಿದೆ. ಐದು ಹುಡುಗಿಯರು ರಾತ್ರಿಯಿಡೀ ಬಿಟ್ಟ ಉಸಿರು ತಣ್ಣನೆಯ ತಾಡಪತ್ರಿಗೆ ತಾಗಿ ನೀರಾಗಿದೆ, ಅವರ ಮೈಮೇಲೆಯೇ ಬಿದ್ದಿದೆ. ಹುಡುಗಿಯರನ್ನು ತೋಯಿಸಿದ್ದು ಅವರದೇ ಉಸಿರು, ಅದನ್ನು ಒಳಗೆ ಕೂಡಿಹಾಕಿದವನು ನಾನು. ದಮ್ಮಿರುವ ಹುಡುಗಿಯನ್ನು ಗಾಳಿ ಆಡದ ಚೀಲದಲ್ಲಿ ಹಾಕಿ ಚೈನು ಎಳೆಯಿರಿ ಎಂದು ಹೇಳಿ ಬಂದಿದ್ದೆ. ದ್ರಾಕ್ಷಿಗೆ ಬಿಟ್ಟಷ್ಟು ಗಾಳಿಯನ್ನು ಮಕ್ಕಳಿಗೆ ಬಿಟ್ಟಿರಲಿಲ್ಲ. ಗೌಡರು ಮೈಗೆ ಹುಷಾರಿಲ್ಲವೇ ಎಂದು ನೀರು ತರಿಸಿದರು.

ಅಂದು ಸಂಜೆಯೇ ಆರೂ ಡೇರೆಗಳನ್ನು ಅಂಗಡಿಗೆ ತರಿಸಿದೆ. ಈಗ ಅವುಗಳಿಗೆ ಕಿಟಕಿ ಕೊರೆಯಬೇಕು. ಹೇಳುವುದು ಸುಲಭ. ತೂತು ಮುಚ್ಚುವುದನ್ನೇ ಜೀವನವಿಡೀ ಮಾಡಿದವನು, ಪರೀಕ್ಷೆಯಲ್ಲಿ ಪಾಸಾದ ತನ್ನದೇ ಹೊಲಿಗೆಗೆ ಕತ್ತರಿ ಹಾಕಬೇಕು. ಮೊದಲನೆಯದನ್ನು ಮೇಜಿನ ಮೇಲೆ ಹರಡಿಕೊಂಡು ಎರಡು ಚಹಾ ಮುಗಿಯುವತನಕ ಸುಮ್ಮನೆ ಕೂತಿದ್ದೆ. ಅಬ್ಬಾ ಇದ್ದಿದ್ದರೆ ಏನೆನ್ನುತ್ತಿದ್ದರೋ. ಕೊನೆಗೆ ಅಲ್ಲಾನ ಹೆಸರು ಹೇಳಿ ಕತ್ತರಿ ಆಡಿಸಿದೆ, ಕಣ್ಣಲ್ಲಿ ನೀರು ಬಂತು.

ಮುಂದೆ ಹಾಗೂ ಹಿಂದೆ, ನೆತ್ತಿಯ ಕೆಳಗೆ ತ್ರಿಕೋನದ ಎರಡು ಕಿಂಡಿ, ಅದಕ್ಕೆ ಸೊಳ್ಳೆ ಪರದೆಯ ಬಲೆ, ಮೇಲೆ ಟೋಪಿಯಂಥ ಮುಚ್ಚಳ, ಮಳೆ ಬಂದರೂ ನೀರು ಆಚೆ ಜಾರುವಂತೆ. ಕೆಳಗೆ ಬದಿಗಳಲ್ಲಿ ನಾಲ್ಕು ಬೆರಳು ಎತ್ತರದ ಬಲೆಪಟ್ಟಿ, ತಣ್ಣನೆಯ ಗಾಳಿ ಕೆಳಗಿಂದ ಬಂದು ಬೆಚ್ಚನೆಯದು ಮೇಲಿಂದ ಹೋಗಲಿ ಎಂದು. ಒಳಗಡೆ ತೆಳುವಾದ ಮಾಂಜರಪಾಟ ಹತ್ತಿ ಬಟ್ಟೆಯ ಇನ್ನೊಂದು ಡೇರೆಯನ್ನೇ ತೂಗುಹಾಕಿದೆ, ತಾಡಪತ್ರಿಗೂ ಅದಕ್ಕೂ ಗೇಣಿನ ಅಂತರ. ಹನಿ ಕೂಡಿದರೂ ತಾಡಪತ್ರಿಯ ಮೇಲೆ ಜಾರಿ ಆಚೆ ಹೋಗುತ್ತದೆ, ಮಲಗಿದವರ ಮೇಲೆ ಬೀಳುವುದಿಲ್ಲ. ಒಳ್ಳೆಯ ಡೇರೆಗೆ ಯಾವಾಗಲೂ ಎರಡು ಪದರ ಇರುತ್ತದೆ ಎಂದು ಆಮೇಲೆ ಟೀಚರ್ ತಮ್ಮ ಫೋನಿನಲ್ಲಿ ತೋರಿಸಿದರು. ಜಗತ್ತಿಗೆಲ್ಲ ಗೊತ್ತಿದ್ದುದನ್ನು ನಾನು ಒಂದು ಹುಡುಗಿಯನ್ನು ಕೆಮ್ಮಿಸಿ ಕಲಿತೆ.

ಮಾಳಿಗೆಯ ಮೇಲೆ ಮತ್ತೆ ಎರಡು ರಾತ್ರಿ ಮಲಗಿ ನೋಡಿ, ತೊರವಿಗೆ ಹೋದೆ. ಮೊದಲು ಭಾಗ್ಯಳ ಮುಂದೆ ನಿಂತು ತಪ್ಪು ನಿಮ್ಮದಲ್ಲವಮ್ಮ, ನನ್ನದು ಎಂದೆ. ಅವಳು ಗಾಬರಿಯಾಗಿ ಅಜ್ಜಿಯ ಸೆರಗು ಹಿಡಿದಳು. ಆಮೇಲೆ ಮಾತಿಗೆ ತಪ್ಪಿದವನೆಂದು ಕತ್ತರಿಯನ್ನು ನೀಲವ್ವನ ಮುಂದೆ ಇಟ್ಟೆ. ಅವರು ಅದನ್ನು ನನ್ನ ಕಡೆಗೇ ಸರಿಸಿದರು. ಆದರೆ ಹುಡುಗಿಯನ್ನು ಹಾಗೇ ಕಳಿಸಲು ಒಪ್ಪಲಿಲ್ಲ, ಒಂದು ಷರತ್ತು ಹಾಕಿದರು. ಕಾಖಂಡಕಿಯ ಹೊಲಕ್ಕೆ ತಾವೂ ಬರುವುದು, ಮೊದಲ ರಾತ್ರಿ ಭಾಗ್ಯಳ ಪಕ್ಕದಲ್ಲಿ ತಾವೇ ಮಲಗುವುದು. ಬೆಳಿಗ್ಗೆ ಒಂದು ಟೆಂಪೋ ಬಂದು ನಿಂತಿರಬೇಕು. ಡೇರೆ ಹಸಿಯಾಗಿದ್ದರೆ ಅದರಲ್ಲಿ ಎಲ್ಲ ಹುಡುಗಿಯರೂ ವಾಪಸು. ಒಣಗಿದ್ದರೆ ತಾವೊಬ್ಬರೇ ಮನೆಗೆ.

ಜನವರಿ ಎರಡನೆಯ ವಾರ ಹೋದೆವು. ಜಾಗ ಆರಿಸುವಾಗ ಟೀಚರ್ ಹಳ್ಳದ ಬದಿಯ ತಂಪು ಜಾಗ ಬಿಟ್ಟು ಸ್ವಲ್ಪ ದಿಬ್ಬದ ಕಡೆ ನಡೆದರು. ತಗ್ಗಿನಲ್ಲಿ ಚಳಿಯೂ ಇಳಿದು ಕೂರುತ್ತದೆ, ಇಬ್ಬನಿಯೂ ಹೆಚ್ಚು. ಎರಿ ಮಣ್ಣಿನ ಬಿರುಕಿನಲ್ಲಿ ಸಣ್ಣ ಗೂಟ ನಿಲ್ಲಲಿಲ್ಲ, ಒಂದೂವರೆ ಅಡಿಯ ಕಬ್ಬಿಣದ ಗೂಟಗಳನ್ನೇ ಬಡಿದೆವು. ಅಡುಗೆ ಒಲೆ ಡೇರೆಗಳಿಂದ ಇಪ್ಪತ್ತು ಹೆಜ್ಜೆ ದೂರ, ಗಾಳಿ ಹೋಗುವ ದಿಕ್ಕಿಗೆ. ಈ ಸಲ ಚೀಲಗಳಲ್ಲಿ ರೊಟ್ಟಿ ಅರ್ಧವಾಗಿತ್ತು, ತಂಬಿಗೆ ಮನೆಯಲ್ಲೇ ಉಳಿದಿತ್ತು. ಸಂಜೆ ಪಡುವಣದಲ್ಲಿ ಒಂದಿಷ್ಟು ಮೋಡ ಕೂಡಿದಾಗ ಕಿಂಡಿಗಳ ಮುಚ್ಚಳಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಕಿಂಡಿ ಕೊರೆದಿದ್ದೇನೆ, ಈಗ ನಿಜವಾಗಿ ಮಳೆ ಬಂದರೆ? ಒಂದು ಹನಿಯೂ ಬೀಳದೆ ಮೋಡ ಚದುರಿತು. ಹೊಲದ ಮಾಲೀಕರ ಮನೆಯ ಕಟ್ಟೆಯ ಮೇಲೆ ಮಲಗಿದ ನಾನು ನಿದ್ದೆ ಮಾಡಿದೆ ಎಂದು ಹೇಳಲಾರೆ.

ಬೆಳಕು ಹರಿಯುವಾಗ ಡೇರೆಯ ಕಡೆ ಹೋದೆ. ಟೆಂಪೋ ಆಗಲೇ ಬಂದು ನಿಂತಿತ್ತು. ಟೀಚರ್ ಹೊರಗೆ ಕೈ ಕಟ್ಟಿ ನಿಂತಿದ್ದರು, ಒಳಗೆ ಹೋಗುವ ಧೈರ್ಯ ಅವರಿಗೂ ಇದ್ದಂತಿರಲಿಲ್ಲ. ಚೈನು ಸರಿಯಿತು. ಭಾಗ್ಯ ಮೊದಲು ಹೊರಬಂದು, ಮೈ ಮುರಿದು, ನಮ್ಮ ಕಡೆ ನೋಡದೆ ಗೆಳತಿಯರಿದ್ದಲ್ಲಿಗೆ ಓಡಿದಳು. ಓಡಿದಳು! ನೀಲವ್ವ ಬಾಗಿಲಲ್ಲೇ ಕೂತು ಒಳಬಟ್ಟೆಯ ಮೇಲೆ ಅಂಗೈ ಆಡಿಸಿದರು. ಕೌದಿ ತಿರುವಿ ನೋಡಿದರು. ಕೈಯನ್ನು ನನ್ನ ಮುಂದೆ ಹಿಡಿದು ತೋರಿಸಿದರು, ಒಣಗಿತ್ತು.

ಟೆಂಪೋದವನು ಹಾರ್ನ್ ಹೊಡೆದ. ಅಜ್ಜಿ ಏಳಲಿಲ್ಲ. ಕೆಂಪಾಗುತ್ತಿದ್ದ ಬಯಲನ್ನು ನೋಡುತ್ತಾ ಮೆಲ್ಲಗೆ ಹೇಳಿದರು. "ನನಗ ಎಪ್ಪತ್ತ ದಾಟ್ಯಾವ್ರಿ ಸಾಹೇಬ್ರ. ಮದಿವಿ, ಬಾಣಂತನ, ಸಾವು. ಇವಕ್ಕ ಬಿಟ್ರ ನಾ ಮನಿ ಹೊರಗ ಒಂದ ರಾತ್ರಿ ಮಲಗಿದಾಕಿ ಅಲ್ಲ. ಆ ಗಾಡಿ ಕಳಸ್ರಿ. ನಾನೂ ನಾಳಿ ಹುಡುಗ್ಯಾರ ಕೂಡ ಬರ್ತೀನಿ."

ಟೀಚರ್ ಮುಖ ಆಚೆ ತಿರುಗಿಸಿದರು. ನಾನು ಟೆಂಪೋದವನ ಹತ್ತಿರ ನಡೆದು ಹೋಗಿ, ಇವತ್ತು ಯಾರೂ ಬರುವುದಿಲ್ಲ, ನಾಳೆ ಬಾ ಎಂದೆ. ಅವನಿಗೇನು ಗೊತ್ತು, ಖಾಲಿ ಗಾಡಿ ಕಳಿಸುವಾಗ ನನಗೆ ಎಷ್ಟು ಖುಷಿಯಾಗಿತ್ತೆಂದು.

ಆಮೇಲೆ ಎಷ್ಟೋ ಡೇರೆ ಹೊಲಿದೆ. ಲಾರಿಯ ಸರಕು ಉಸಿರಾಡುವುದಿಲ್ಲ, ತಾನು ಮೊದಲ ಸಲ ಹೊರಗೆ ಮಲಗಿದೆ ಎಂದು ಹೇಳುವುದೂ ಇಲ್ಲ. ಅಂಥದ್ದಕ್ಕೆ ಮುಚ್ಚಿದರೆ ಸಾಕು. ಹೊರಗೆ ಏನು ತಡೆಯಬೇಕು ಎಂದು ಕೇಳುವುದನ್ನು ನಲವತ್ತು ವರ್ಷ ಕಲಿತಿದ್ದೆ, ಒಳಗೆ ಯಾರಿದ್ದಾರೆ ಎಂದು ಕೇಳುವುದನ್ನು ನೀಲವ್ವ ಕಲಿಸಿದರು. ಅಂಗಡಿ ಬಿಡುವ ದಿನದವರೆಗೂ, ಯಾರೇ ಬಂದು ಉದ್ದ ಅಗಲ ಹೇಳಲು ಶುರು ಮಾಡಿದರೂ, ಟೇಪು ಬಿಚ್ಚುವ ಮೊದಲು ಅದರೊಳಗೆ ಮಲಗುವವರ ಹೆಸರು ಕೇಳುತ್ತಿದ್ದೆ.